ಕಾಟಾದ ಮೇಲೆ ಕೂತ ಅತ್ತೆ

"ಇಳೀರಿ ಅತ್ತಿ, ಲಗೂ ಇಳೀರಿ!" ಎಂದು ಫಕೀರವ್ವ ಚೀರುವಷ್ಟರಲ್ಲಿ ತೂಕದ ಕಾಟಾ ತನ್ನ ಕೆಲಸ ಮುಗಿಸಿತ್ತು. ದಣಿದ ಅತ್ತೆ ತೂಗಲು ಇಟ್ಟಿದ್ದ ಮೆಣಸಿನಕಾಯಿ ಚೀಲದ ಮೇಲೆಯೇ ಕುಳಿತುಬಿಟ್ಟಿದ್ದಳು. ಈ ಮಾರುಕಟ್ಟೆಯ ಯಂತ್ರಕ್ಕೆ ಇಂಥದ್ದೇ ಮಾಲು ಎಂಬ ಕಟ್ಟುಪಾಡಿಲ್ಲ. ಏನು ತೂಗಿದರೂ ಬರೆದುಕೊಂಡು, ಬೇಕೆಂದವರನ್ನು ಆ ಕ್ಷಣವೇ ಹುಡುಕಿಕೊಡುತ್ತದೆ.

ಗುಮಾಸ್ತ ನಿಂಗನಗೌಡ ಪರದೆ ನೋಡಿದ. "ಮೆಣಸಿನಕಾಯಿ ಯಾರೂ ಕೇಳಿಲ್ಲಬೇ. ನಿಮ್ಮ ಅತ್ತಿನ್ನ ಮುನ್ನೂರು ಮನಿಯವರು ಕೇಳ್ಯಾರ."

ಫಕೀರವ್ವ ಅತ್ತೆಯ ತೋಳು ಹಿಡಿದು ಕೆಳಗಿಳಿಸಿದಳು.

"ಈ ಹರಕು ಬಾಯಿ ಯಾರಿಗೆ ಬೇಕಾಗೇತೋ?" ಎಂದಳು ಅತ್ತೆ.

"ಬದಲಿಗೆ ಬೈಯಲಾರದ ಅತ್ತಿನ್ನ ಕೊಡ್ತಾರಂತ. ಹೆಬ್ಬೆಟ್ಟು ಒತ್ತು, ಮುಗೀತು," ಎಂದ ಗುಮಾಸ್ತ ಫಕೀರವ್ವನಿಗೆ.

ಹದಿನೆಂಟು ವರ್ಷ ಬೈಸಿಕೊಂಡಿದ್ದ ಫಕೀರವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಒತ್ತಂಗಿಲ್ಲ."