ಆಧಾರ ಇಲ್ಲ

“ಆಧಾರ ಇಲ್ಲದೆ ಅಂಕ ಹಾಕೋಕಾಗಲ್ಲಮ್ಮ,” ಎನ್ನುತ್ತಾ ಇತಿಹಾಸದ ಮೇಷ್ಟ್ರು ಮೃತ್ಯುಂಜಯ, ಭಾನುವಿನ ಪ್ರಾಜೆಕ್ಟಿನ ಕೊನೇ ಪುಟದಲ್ಲಿ ಕೆಂಪು ಶಾಯಿಯಿಂದ ‘ಆಧಾರ ಇಲ್ಲ’ ಎಂದು ಬರೆದರು. ಊರ ಕೆರೆ ಏರಿಗೆ ಮಣ್ಣು ಹೊತ್ತದ್ದು ತಮ್ಮ ಕೇರಿಯ ಹೆಂಗಸರು ಎಂದು ಅವಳು ಬರೆದಿದ್ದಳು. ಈ ಅಂಕ ಬಾರದೆ ಬಿ.ಎ. ಮುಗಿಯುವಂತಿರಲಿಲ್ಲ.

ಚಾಮರಾಜನಗರದ ಆಸ್ಪತ್ರೆಗೆಂದು ಗುಂಡ್ಲುಪೇಟೆಯಿಂದ ಹೊರಟು, ಅವಳ ಜೊತೆಗೇ ಕಾಲೇಜಿಗೂ ಬಂದಿದ್ದ ಅಜ್ಜಿ ಗುರುಮಲ್ಲಮ್ಮ, ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

“ತಕ್ಕಳಿ ಸಾ, ಆಧಾರ.”

ಭಾನು ನೆಲ ನೋಡಿದಳು.

“ಅದ್ರಲ್ಲಿರೋ ಉಟ್ಟಿದ್ ತಾರೀಕ್ ಮಾತ್ರ ನಂಬಬ್ಯಾಡಿ ಸಾ. ನಮ್ಮವ್ವ ಮಣ್ಣಿನ ಮಂಕ್ರಿ ಕೆಳಗಿಳ್ಸಿ, ಆ ಏರಿ ಮ್ಯಾಲೇ ನನ್ನ ಹೆತ್ತುದ್ದು. ಅದ್ನ ಕಾರ್ಡ್ನವ್ರು ಬರ್ಕಳ್ನಿಲ್ಲ.”

ಮೇಷ್ಟ್ರು ಕಾರ್ಡನ್ನು ಅಜ್ಜಿಯ ಕೈಗೇ ಕೊಟ್ಟರು. ಆಮೇಲೆ ಅದೇ ಕೆಂಪು ಪೆನ್ನಿನಿಂದ ‘ಇಲ್ಲ’ವನ್ನು ಹೊಡೆದುಹಾಕಿದರು.