ಊಟದ ಮೇಜಿನ ಮೇಲೊಂದು ರಸ್ತೆ

"ಉಸಿರು ಬಿಗಿ ಹಿಡ್ಕೊಳ್ರಿ, ರಸ್ತೆ ಅಲ್ಲಾಡುತ್ತೆ," ಎಂದಳು ಹೆಂಡತಿ.

ರಸ್ತೆ ಇಂಜಿನಿಯರ್ ಉಸಿರು ಬಿಗಿಹಿಡಿದ. ಊಟದ ಮೇಜಿನ ಮೇಲಿದ್ದ ಆ ರಸ್ತೆಯ ಉದ್ದ ನಾಲ್ಕು ಬೆರಳು, ಅಗಲ ಎರಡು ಬೆರಳು. ಬೆಳಗಿನವರೆಗೆ ಅದು ಬಚ್ಚಲಿನಲ್ಲಿದ್ದ ಬಟ್ಟೆ ಸೋಪು. ಈಗ ಅದರ ನಡುವೆ ಕುಳಿ ಕೊರೆದು, ಕಾಫಿಪುಡಿ, ಗೋಂದು, ಒಂದಿಷ್ಟು ಬೂಟ್ ಪಾಲಿಶ್ ತುಂಬಿ, ಚಮಚದ ಬೆನ್ನಿನಿಂದ ನೀವಿ ಸಮ ಮಾಡಿದ್ದರು.

ಎಲ್ಲಕ್ಕೂ ಕಾರಣ ನಿನ್ನೆ ಸಂಜೆ ದೊಡ್ಡ ಸಾಹೇಬರ ಫೋನಿನಿಂದ ಬಂದ ಒಂದು ಫೋಟೋ. ತೀರಾ ಹತ್ತಿರದಿಂದ ತೆಗೆದದ್ದು. ಹಳದಿಗಟ್ಟಿದ ಬಿಳಿ ಕಾಂಕ್ರೀಟು, ನಡುವೆ ಕಪ್ಪು ಗುಂಡಿ, ಒಳಗೆ ನಿಂತ ನೀರು, ಅಂಚಿನಲ್ಲಿ ಕೆಂಪು ಮಣ್ಣು, ಮೂಲೆಯಲ್ಲೊಂದು ಹಸಿರು ಕಳೆ. ಕೆಳಗೆ ಎರಡೇ ಸಾಲು: "ನಾಳೆ ಮಧ್ಯಾಹ್ನದೊಳಗೆ ಇದಕ್ಕೊಂದು ಗತಿ ಕಾಣಿಸಿ. ಇನ್ನು ತಡೆಯಲಾರೆ."

ಯಾವ ರಸ್ತೆ ಎಂದು ಸಾಹೇಬರು ಬರೆದಿರಲಿಲ್ಲ. ಕೇಳುವ ಧೈರ್ಯ ಇವನಿಗಿರಲಿಲ್ಲ. ಕೇಳಿದರೆ, ತನ್ನ ಗುಂಡಿಯ ಗುರುತು ತನಗೇ ಇಲ್ಲವೆಂದು ಒಪ್ಪಿಕೊಂಡಂತೆ. ಮೇಲಾಗಿ ಸಾಹೇಬರು ಮೂರು ದಿನದಿಂದ ಮುಖ ಗಂಟು ಹಾಕಿಕೊಂಡಿದ್ದರು. ಯಾರೊಡನೆಯೂ ಮಾತಿಲ್ಲ, ಕ್ಯಾಂಟೀನಿನ ಕಡೆ ತಲೆ ಹಾಕಿಲ್ಲ, ಏನು ಕೇಳಿದರೂ ಕೈಸನ್ನೆ. ಇವನ ವರ್ಗಾವಣೆಯ ಕಡತ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಹೋಗಬೇಕಾದ ಊರಿಗೆ ರಸ್ತೆಯೇ ಇರಲಿಲ್ಲ. ಶಾಲೆಯೂ ಇರಲಿಲ್ಲ. ಮಗಳು ಈಗಷ್ಟೇ ಒಂದನೇ ತರಗತಿಗೆ ಸೇರಿದ್ದಳು.

ಇಂಜಿನಿಯರ್ ಪೂರ್ತಿ ಸೋಮಾರಿಯಲ್ಲ. ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ, ಫೋನ್ ಕೈಯಲ್ಲಿ ಹಿಡಿದು ಬೀದಿ ಬೀದಿ ಸುತ್ತಿದ್ದ. ಬಗ್ಗಿ ಬಗ್ಗಿ ನೋಡಿ ಸೊಂಟ ಬಿದ್ದುಹೋಗಿತ್ತು. ಅರವತ್ತೆರಡು ಗುಂಡಿ ಸಿಕ್ಕವು. ಬೇಕಾದ ಗುಂಡಿಯೊಂದೇ ಸಿಗಲಿಲ್ಲ.

"ಗುಂಡಿ ಸಿಗದಿದ್ರೆ ಬೇಡ. ಮುಚ್ಚಿದ ಗುಂಡಿ ತೋರ್ಸಿದ್ರೆ ಆಯ್ತಲ್ಲ?" ಎಂದಿದ್ದಳು ಹೆಂಡತಿ. ಅವಳು ಮಣಿಯ ಓಲೆ ಮಾಡಿ ಫೋನಿನಲ್ಲೇ ಮಾರುವವಳು. ಸಾಸಿವೆಯಷ್ಟಿರುವ ಮಣಿಯನ್ನು ದ್ರಾಕ್ಷಿಯಷ್ಟು ತೋರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. "ಹತ್ತಿರದಿಂದ ತೆಗೆದ್ರೆ ಯಾವುದು ಎಷ್ಟು ದೊಡ್ಡದು ಅಂತ ಯಾರಪ್ಪನಿಗೂ ಗೊತ್ತಾಗಲ್ಲ ರೀ."

ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಬಿಸಿಲು ಚುಚ್ಚದಂತೆ ಗಾಜಿಗೆ ತೆಳು ಕಾಗದ ಅಂಟಿಸಿದರು. ನೆರಳಿನ ಬದಿಗೆ ಬಿಳಿಯ ತಟ್ಟೆ ನಿಲ್ಲಿಸಿ ಬೆಳಕನ್ನು ತಿರುಗಿಸಿದರು. ಮಗಳ ಆಟದ ಭೂತಗನ್ನಡಿಯನ್ನು ರಬ್ಬರ್ ಬ್ಯಾಂಡಿನಿಂದ ಫೋನಿನ ಕಣ್ಣಿಗೆ ಕಟ್ಟಿದರು. ಫೋನಿಗೆ ಆಸರೆಯಾಗಿ ಎರಡು ಸಕ್ಕರೆ ಡಬ್ಬ. ಬೆರಳು ತಾಗಿ ಅಲುಗದಿರಲೆಂದು ಎರಡು ಸೆಕೆಂಡಿನ ಟೈಮರ್ ಇಟ್ಟರು.

"ತುಂಬ ನುಣುಪಾಯ್ತು. ನಿಮ್ಮ ಇಲಾಖೆ ರಸ್ತೆ ಇಷ್ಟು ಚೆನ್ನಾಗಿದ್ರೆ ಯಾರು ನಂಬ್ತಾರೆ?" ಎಂದು ಅವಳು ಹಳೆಯ ಹಲ್ಲುಜ್ಜುವ ಬ್ರಷ್ ತಂದು ಸೋಪಿನ ಮೈಯನ್ನು ಗೀರಿದಳು. ಗಂಡ ಬೇಜಾರು ಮಾಡಿಕೊಳ್ಳಲಿಲ್ಲ. ಮಾತು ನಿಜವಾಗಿತ್ತು.

ನಾಲ್ಕನೆಯ ಫೋಟೋ ಚೆನ್ನಾಗಿ ಬಂತು, ಆದರೆ ಇರುವೆಯೊಂದು ರಸ್ತೆ ದಾಟುತ್ತಿತ್ತು. ಪರದೆಯ ಮೇಲೆ ಅದು ಎಮ್ಮೆಯಷ್ಟಿತ್ತು.

"ಇರ್ಲಿ ಬಿಡೆ. ಸಂಚಾರ ಶುರುವಾಗಿದೆ ಅಂತ ಸಾಕ್ಷಿ."

"ಆರು ಕಾಲಿದೆ ರೀ!"

ಇರುವೆಯನ್ನು ಅಳಿಸಿದರು. ಅಂಚಿನಲ್ಲಿ ಉಳಿದಿದ್ದ ಸೋಪಿನ ಹೆಸರಿನ ಕೊನೆಯ ಅಕ್ಷರವನ್ನೂ ಅಳಿಸಿದರು. ಹೊಳಪು ತಗ್ಗಿಸಿ, ನೆರಳು ಸ್ವಲ್ಪ ಏರಿಸಿ, ಸುತ್ತ ಕತ್ತರಿಸಿದಾಗ ಸಾಕ್ಷಾತ್ ರಸ್ತೆಯೇ ಕಂಡಿತು. ಇಂಜಿನಿಯರ್‌ಗೆ ಹೆಮ್ಮೆ ಉಕ್ಕಿತು. ತನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಇಷ್ಟು ಒಳ್ಳೆಯ ರಸ್ತೆಯನ್ನು ಅವನು ಮಾಡಿರಲಿಲ್ಲ.

ಫೋಟೋದ ಜೊತೆ ವರದಿಯನ್ನೂ ಕಳಿಸಿದ. "ಮಾನ್ಯರೇ, ಹಳೆಯದನ್ನೆಲ್ಲ ಗುದ್ದಲಿಯಿಂದ ಅಗೆದು ತೆಗೆದು, ನೀರು ಬತ್ತಿಸಿ, ಜಲ್ಲಿ ತುಂಬಿ, ಎಂಟು ಟನ್ನಿನ ರೋಲರ್ ಓಡಿಸಲಾಗಿದೆ. ಬೆಳಗಿನಿಂದ ಭಾರೀ ವಾಹನಗಳು ಸಂಚರಿಸುತ್ತಿವೆ. ಸ್ಥಳೀಯರಿಗೆ ಕಿಂಚಿತ್ತೂ ನೋವಾಗಿಲ್ಲ."

ಹತ್ತು ನಿಮಿಷಕ್ಕೆ ಉತ್ತರ ಬಂತು: "ತಕ್ಷಣ ಬನ್ನಿ."

"ಶಹಬ್ಬಾಸ್ ಹೇಳೋಕೇ ಇರ್ಬೇಕು," ಎಂದು ಹೆಂಡತಿ ಇಸ್ತ್ರಿ ಮಾಡಿದ ಶರ್ಟು ತಂದುಕೊಟ್ಟಳು.

ಸಾಹೇಬರು ಕೆನ್ನೆಗೆ ಅಂಗೈ ಕೊಟ್ಟು ಕೂತಿದ್ದರು, ದೊಡ್ಡ ಯೋಚನೆಯಲ್ಲಿರುವವರ ಹಾಗೆ. ಎದುರಿಗೆ ವರ್ಗಾವಣೆಯ ಕಡತ ತೆರೆದಿತ್ತು. ಸಹಿ ಇನ್ನೂ ಬಿದ್ದಿರಲಿಲ್ಲ. ಅವರು ಚೀಟಿಯೊಂದರಲ್ಲಿ ಬರೆದು ಮುಂದಕ್ಕೆ ತಳ್ಳಿದರು: "ನಿನ್ನೆಯ ಫೋಟೋ ನಿಮಗೆ ಕಳಿಸಿದ್ದಲ್ಲ. ಕೈತಪ್ಪಿ ಬಂದಿದೆ."

ಇಂಜಿನಿಯರ್‌ಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಗುಂಡಿ ಪಕ್ಕದ ವಿಭಾಗದವನದು! ಊರೆಲ್ಲ ಹುಡುಕಿದರೂ ಸಿಗದಿದ್ದದ್ದು ಅದಕ್ಕೇ.

"ಯಾರ ಗುಂಡಿ ಆದ್ರೇನು ಸರ್," ಎಂದ ಎದೆಯುಬ್ಬಿಸಿ. "ಕಣ್ಣಿಗೆ ಬಿತ್ತು, ಮನಸ್ಸು ತಡೀಲಿಲ್ಲ. ನಾನೇ ಮುಂದೆ ನಿಂತು ಮುಚ್ಚಿಸ್ದೆ."

ಇನ್ನೊಂದು ಚೀಟಿ ಬಂತು: "ರೋಲರ್ ಓಡಿಸಿದಿರಾ?"

"ಮೂರು ಸಲ ಸರ್. ಈಗ ಎಂಥ ಲಾರಿ ಹೋದ್ರೂ ಕದಲಲ್ಲ. ನಂಬಿಕೆ ಇಲ್ದಿದ್ರೆ ಈಗ್ಲೇ ಜಾಗಕ್ಕೆ ಹೋಗಿ ನೋಡೋಣ ಸರ್."

ಸಾಹೇಬರು ನಿಧಾನವಾಗಿ ಎದ್ದು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಕೆನ್ನೆಯ ಮೇಲಿನ ಕೈ ತೆಗೆದು, ದೊಡ್ಡದಾಗಿ ಬಾಯಿ ತೆರೆದರು: ಕೆಳಸಾಲಿನ ಕೊನೆಯ ದವಡೆ ಹಲ್ಲಿನಲ್ಲಿ, ಇಂಜಿನಿಯರ್ ಬೆಳಗಿನಿಂದ ಬೀದಿ ಬೀದಿ ಹುಡುಕಿದ್ದ ಗುಂಡಿ ಇತ್ತು.