ಟೇಪಿನ ಗುರುತು

ರಿಲೇ ಫೈನಲ್‌ಗೆ ಮುನ್ನ, ತನ್ನ ನಂತರ ಓಡಲಿದ್ದ ಕಿರಿಯ ಇಶ್ಶಿಕಿ ಟ್ರ್ಯಾಕಿನ ಮೇಲೆ ಅಂಟಿಸಿದ್ದ ಟೇಪನ್ನು ಕುವಾಬಾರಾ ದಿಟ್ಟಿಸಿದ. ತಾನು ಆ ಗುರುತು ದಾಟಿದ ಕ್ಷಣವೇ ಹುಡುಗ ಓಡತೊಡಗುತ್ತಾನೆ. ಬೆನ್ನಟ್ಟಿ ಅವನ ಕೈಗೆ ಬೇಟನ್ ಕೊಡಬೇಕು. ಬೆಳಗಿನ ಸುತ್ತಿನಲ್ಲಿ ಹುಡುಗನನ್ನು ಹಿಡಿಯಲು ಕಷ್ಟವಾಗಿ, ಅದು ಬೆರಳ ತುದಿಯಿಂದ ಹೇಗೋ ಅವನ ಕೈ ಸೇರಿತ್ತು. ಆದರೂ ಹುಡುಗ ನಿಲ್ಲುವ ಜಾಗದಿಂದ ಗುರುತು ಹೋದ ವರ್ಷದಷ್ಟೇ ದೂರದಲ್ಲಿತ್ತು.

“ಇಷ್ಟು ದೂರ ಯಾಕೋ?”

“ನಿಮ್ಮ ವೇಗಕ್ಕೆ ಅಷ್ಟು ಬೇಕೇ ಬೇಕು, ಕುವಾಬಾರಾ ಸಾನ್.”

“ಬೆಳಿಗ್ಗೆ ನೋಡ್ಲಿಲ್ವಾ?”

ಇಶ್ಶಿಕಿ ತಲೆ ತಗ್ಗಿಸಿ ಶೂ ಲೇಸು ಬಿಗಿಯತೊಡಗಿದ. ಹಿರಿಯನ ಮುಖಕ್ಕೆ ಆ ಮಾತು ಹೇಳುವುದಕ್ಕಿಂತ ಪದಕ ಕಳೆದುಕೊಳ್ಳುವುದೇ ಅವನಿಗೆ ಸುಲಭವಾಗಿತ್ತು.

ಓಟಗಾರರಿಗೆ ಕರೆ ಬಂತು. ಕುವಾಬಾರಾ ಮಂಡಿಯೂರಿ ಟೇಪು ಕಿತ್ತು, ಹುಡುಗ ನಿಲ್ಲುವ ಜಾಗಕ್ಕೆ ಒಂದು ಪಾದದಷ್ಟು ಹತ್ತಿರ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದ.

“ನಿಧಾನ ಆಗಿದೀನಿ ಕಣೋ. ನೀನು ಮಾತ್ರ ಹಿಂದೆ ತಿರುಗಿ ನೋಡ್ಬೇಡ.”